ಚಳಿಗಾಲದ ನಡುವೆ ಮರಗಳ ಹೊಸ ವರ್ಷ: ಶೆವಾತ್ ತಿಂಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶೆವಾತ್ ಅಂದರೆ ಯಾವ ತಿಂಗಳು?

ಯಹೂದಿಗಳ ಹೀಬ್ರೂ ಪಂಚಾಂಗದ ಚಳಿಗಾಲದ ತಿಂಗಳು. ಸಾಮಾನ್ಯವಾಗಿ ನಮ್ಮ ಕ್ಯಾಲೆಂಡರಿನ ಜನವರಿ-ಫೆಬ್ರವರಿಯಲ್ಲಿ ಬರುತ್ತದೆ. ಯಾವಾಗಲೂ 30 ದಿನ. ಇದಕ್ಕೆ ಮುಂಚಿನದು ತೆವೆತ್, ಆಮೇಲಿನದು ಅದಾರ್. ನಿಸಾನ್ ತಿಂಗಳಿಂದ ಎಣಿಸಿದರೆ ಹನ್ನೊಂದನೆಯದು, ತಿಶ್ರಿಯಿಂದ ಎಣಿಸಿದರೆ ಐದನೆಯದು. ಎರಡು ಥರ ಎಣಿಕೆ ಯಾಕೆ ಅನ್ನುವುದಕ್ಕೆ ಕೆಳಗೆ ಉತ್ತರ ಇದೆ.

ಈ ತಿಂಗಳನ್ನು ಜನ ನೆನಪಿಟ್ಟುಕೊಂಡಿರುವುದು ಹೆಚ್ಚಾಗಿ ಒಂದೇ ದಿನಕ್ಕಾಗಿ. ಅದು 15ನೆಯ ದಿನ, ತು ಬಿಶ್ವಾತ್. ಮರಗಳ ಹೊಸ ವರ್ಷ ಅಂತ ಕರೆಯುತ್ತಾರೆ. ಕೇಳಿದ ಕೂಡಲೇ ಇದು ಪ್ರಕೃತಿ ಪೂಜೆಯ ಹಬ್ಬ ಅನ್ನಿಸುತ್ತದೆ. ಶುರುವಾದದ್ದು ಮಾತ್ರ ಕಂದಾಯದ ಲೆಕ್ಕಕ್ಕೆ. ಈ ಪುಟದಲ್ಲಿ ಜಾಸ್ತಿ ಜಾಗ ಅದಕ್ಕೇ ಹೋಗಿದೆ.

ನಮ್ಮ ಪಂಚಾಂಗಕ್ಕೂ ಅವರದಕ್ಕೂ ಹೋಲಿಕೆ ಇದೆಯಾ?

ಬಹಳ ಇದೆ. ಕರ್ನಾಟಕದಲ್ಲಿ ನಾವು ಬಳಸುವ ಚಾಂದ್ರಮಾನ ಪಂಚಾಂಗದಲ್ಲಿ ಅಮಾವಾಸ್ಯೆ ಕಳೆದ ಮೇಲೆ ಹೊಸ ಮಾಸ ಶುರು, ಅಲ್ವಾ? ಅವರದೂ ಹಾಗೇ. ಹಾಗಾಗಿ ಹೀಬ್ರೂ ತಿಂಗಳ 15ನೆಯ ದಿನ ಅಂದರೆ ಹೆಚ್ಚುಕಡಿಮೆ ಹುಣ್ಣಿಮೆ. 2024ರಲ್ಲಿ ತು ಬಿಶ್ವಾತ್ ಜನವರಿ 25ಕ್ಕೆ ಬಂತು. ಅವತ್ತೇ ನಮಗೆ ಬನದ ಹುಣ್ಣಿಮೆ, ಬಾದಾಮಿ ಬನಶಂಕರಿಯ ತೇರು. 2025ರಲ್ಲಿ ಅದು ಫೆಬ್ರವರಿ 12ರ ಸಂಜೆ ಶುರುವಾಯಿತು, ಅವತ್ತು ಭಾರತ ಹುಣ್ಣಿಮೆ. ಎರಡು ಆಚರಣೆಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ. ಇಬ್ಬರೂ ನೋಡುವ ಚಂದ್ರ ಒಂದೇ, ಅಷ್ಟೆ.

ಅಧಿಕ ಮಾಸವೂ ಅವರಲ್ಲಿ ಇದೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಹಾಗೇ ಬಿಟ್ಟರೆ ರಂಜಾನಿನ ಥರ ಪ್ರತಿ ಹಬ್ಬವೂ ಎಲ್ಲ ಋತುಗಳಲ್ಲೂ ಸುತ್ತಾಡುತ್ತದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಪೆಸಾಖ್ ಹಬ್ಬ ವಸಂತದಲ್ಲೇ ಬರಬೇಕು ಅನ್ನುವುದು ಧರ್ಮಗ್ರಂಥದ ಮಾತು. ಅದಕ್ಕೇ 19 ವರ್ಷದಲ್ಲಿ ಏಳು ಸಲ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ. ನಮ್ಮಲ್ಲಿ ಅಧಿಕ ಮಾಸ ಒಂದು ಸಲ ಶ್ರಾವಣಕ್ಕೆ, ಇನ್ನೊಂದು ಸಲ ಜ್ಯೇಷ್ಠಕ್ಕೆ ಬರುತ್ತದೆ. ಅವರಲ್ಲಿ ಜಾಗ ಗಟ್ಟಿ: ಶೆವಾತ್ ಮುಗಿದ ಕೂಡಲೇ. ಆ ವರ್ಷ ಎರಡು ಅದಾರ್.

ಇನ್ನೊಂದು ವ್ಯತ್ಯಾಸ. ನಮಗೆ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಅವರಿಗೆ ಸೂರ್ಯಾಸ್ತಕ್ಕೆ. ಫೆಬ್ರವರಿ 2ಕ್ಕೆ ತು ಬಿಶ್ವಾತ್ ಅಂತ ಗೋಡೆ ಕ್ಯಾಲೆಂಡರಿನಲ್ಲಿ ಇದ್ದರೆ, ಮನೆಯಲ್ಲಿ ಹಣ್ಣಿನ ತಟ್ಟೆ ಬರುವುದು 1ರ ಸಂಜೆಗೆ.

ಶೆವಾತ್ ಅನ್ನುವ ಹೆಸರು ಎಲ್ಲಿಂದ ಬಂತು?

ಬ್ಯಾಬಿಲೋನಿನಿಂದ. ಕ್ರಿ.ಪೂ. 586ರ ಹೊತ್ತಿಗೆ ಜೆರುಸಲೇಮ್ ನಾಶವಾಗಿ ಯಹೂದಿಗಳು ಅಲ್ಲಿಗೆ ಸೆರೆ ಹೋದರು. ವಾಪಸ್ಸು ಬರುವಾಗ ಅಲ್ಲಿನ ತಿಂಗಳ ಹೆಸರುಗಳನ್ನೂ ಜೊತೆಗೆ ತಂದರು. ಯಹೂದಿ ಪಂಡಿತರ ಚರ್ಚೆಗಳ ದೊಡ್ಡ ಶಾಸ್ತ್ರಗ್ರಂಥ ತಾಲ್ಮುದ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಅದಕ್ಕೆ ಮುಂಚಿನ ಗ್ರಂಥಗಳಲ್ಲಿ ಹೆಚ್ಚಾಗಿ ಬರೀ ಸಂಖ್ಯೆ. ಬೈಬಲಿನ ಧರ್ಮೋಪದೇಶಕಾಂಡದ ಶುರುವಿನಲ್ಲಿ ಮೋಶೆ ತನ್ನ ಕೊನೆಯ ದೊಡ್ಡ ಉಪದೇಶ ಆರಂಭಿಸಿದ್ದು 'ಹನ್ನೊಂದನೆಯ ತಿಂಗಳ ಮೊದಲ ದಿನ' ಅಂತಿದೆ. ಅಂದರೆ ಶೆವಾತ್ 1, ಆದರೆ ಹೆಸರಿಲ್ಲ. ಸೆರೆಯಿಂದ ಬಂದ ಮೇಲಿನ ಜೆಕರ್ಯನ ಪುಸ್ತಕದಲ್ಲಿ ಹೆಸರು ಸಿಗುತ್ತದೆ. ಪಾರಸೀಕ ರಾಜ ದಾರ್ಯಾವೆಷನ ಎರಡನೆಯ ವರ್ಷ, ಹನ್ನೊಂದನೆಯ ತಿಂಗಳಾದ ಶೆವಾತ್, 24ನೆಯ ದಿನ. ಅದು ಕ್ರಿ.ಪೂ. 519.

ಕೊರೆಯುವ ಚಳಿಯಲ್ಲಿ ಮರಗಳಿಗೆ ಹೊಸ ವರ್ಷ ಯಾಕೆ?

ಇಸ್ರೇಲಿನ ಹವೆ ನಮ್ಮದಕ್ಕೆ ತಿರುಗುಮುರುಗು. ಅಲ್ಲಿ ಬೇಸಿಗೆಯಲ್ಲಿ ಒಂದು ಹನಿ ಮಳೆ ಇಲ್ಲ. ಮಳೆಗಾಲ ಶುರುವಾಗುವುದು ಅಕ್ಟೋಬರ್ ಸುಮಾರಿಗೆ, ಜೋರು ಹಿಡಿಯುವುದು ಡಿಸೆಂಬರಿನಿಂದ ಫೆಬ್ರವರಿ ಒಳಗೆ. ಶೆವಾತ್ ಅಂದರೆ ಮಳೆ, ಕೆಸರು, ಜೆರುಸಲೇಮಿನಲ್ಲಿ ಕೆಲವು ವರ್ಷ ಹಿಮ ಕೂಡ. ಆದರೆ ಅಷ್ಟರಲ್ಲಿ ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಬಿದ್ದಾಗಿರುತ್ತದೆ. ನೆಲ ನೀರು ಕುಡಿದು ನಿಂತಿರುತ್ತದೆ. ಇನ್ನು ಮುಂದೆ ಮರ ಕಾಯಿ ಕಚ್ಚಿದರೆ ಅದು ಹೊಸ ಮಳೆಯ ಬೆಳೆ. ಅದಕ್ಕೆ ಮುಂಚೆ ಕಚ್ಚಿದ್ದು ಹಳೆಯ ಮಳೆಯದು. ತಾಲ್ಮುದ್ ಕೊಡುವ ಕಾರಣವೂ ಇದೇ: ವರ್ಷದ ಮಳೆ ಬಹುಪಾಲು ಮುಗಿದಿದೆ.

ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಬಾದಾಮಿ ಮರ. ಉಳಿದ ಮರಗಳು ಬೋಳು ನಿಂತಿರುವಾಗ ಅದು ಒಂದೇ ಒಂದು ಎಲೆ ಬಿಡುವ ಮುಂಚೆ ಮೈತುಂಬ ಹೂ ಬಿಡುತ್ತದೆ. ಬಿಳಿ, ನಡುವೆ ನಸುಗುಲಾಬಿ. ಜೆರುಸಲೇಮ್ ಸುತ್ತಲ ಗುಡ್ಡಗಳಲ್ಲಿ, ಪಾಳುಬಿದ್ದ ಹಳೇ ತೋಟಗಳ ಕಲ್ಲುಕಟ್ಟೆ ಪಕ್ಕದಲ್ಲಿ ಜನವರಿ ಕೊನೆಗೆ ನೋಡಿದರೆ ಹೂವಿನ ಕೆಳಗೆ ಇನ್ನೂ ಕೆಸರು ಇರುತ್ತದೆ.

ಕಂದಾಯದ ಲೆಕ್ಕ ಅಂದಿರಲ್ಲ, ಅದೇನು?

ಹಳೆಯ ಕಾಲದಲ್ಲಿ ರೈತ ತನ್ನ ಬೆಳೆಯಿಂದ ಹಲವು ಪಾಲು ತೆಗೆದಿಡಬೇಕಿತ್ತು. ಪುರೋಹಿತರಿಗೆ ಒಂದು ಚೂರು, ದೇವಾಲಯದ ಸೇವೆಯ ಲೇವಿಯರಿಗೆ ಹತ್ತರಲ್ಲಿ ಒಂದು. ಆಮೇಲೆ ಉಳಿದದ್ದರಲ್ಲಿ ಇನ್ನೊಂದು ದಶಮಾಂಶ. ಈ ಎರಡನೆಯದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಏಳು ವರ್ಷದ ಸುತ್ತಿನಲ್ಲಿ 1, 2, 4, 5ನೆಯ ವರ್ಷ ಅದನ್ನು ಜೆರುಸಲೇಮಿಗೆ ಒಯ್ದು ಮನೆಯವರೇ ತಿನ್ನಬೇಕು. 3 ಮತ್ತು 6ನೆಯ ವರ್ಷ ಅದು ಬಡವರಿಗೆ. 7ನೆಯ ವರ್ಷ ಭೂಮಿಗೆ ಬಿಡುವು, ಪಾಲೇ ಇಲ್ಲ.

ಈಗ ಇಸ್ರೇಲಿನ ಉತ್ತರದ ಗಲಿಲಾಯ ಸೀಮೆಯ ಒಬ್ಬ ಅಂಜೂರದ ರೈತನನ್ನು ತೆಗೆದುಕೊಳ್ಳಿ. ಎರಡನೆಯ ವರ್ಷ ಮುಗಿದು ಮೂರನೆಯದು ಬರುತ್ತಿದೆ. ಮರದಲ್ಲಿ ಹೀಚು ಕಾಯಿ ಇದೆ. ಇದು ಯಾವ ವರ್ಷದ್ದು? ಜೆರುಸಲೇಮಿಗೆ ಒಯ್ಯಬೇಕೋ, ಊರಿನ ಬಡವರಿಗೆ ಕೊಡಬೇಕೋ? ಒಂದು ವರ್ಷದ ಪಾಲನ್ನು ಇನ್ನೊಂದು ವರ್ಷದ ಬೆಳೆಯಲ್ಲಿ ತೀರಿಸುವ ಹಾಗೂ ಇಲ್ಲ. ಕಾಳುಕಡ್ಡಿಗೆ ಕೊಯ್ಲಿನ ದಿನ ಇದೆ, ಗೊಂದಲ ಕಡಿಮೆ. ಮರದ ಹಣ್ಣು ಹಾಗಲ್ಲ, ಒಂದೇ ಕೊಂಬೆಯಲ್ಲಿ ಮಾಗಿದ್ದೂ ಇರುತ್ತದೆ, ಮಿಡಿಯೂ ಇರುತ್ತದೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಎಳೆದ ಗೆರೆಯೇ ಶೆವಾತ್ 15.

ನಮ್ಮ ಏಪ್ರಿಲ್ 1ರ ಹಣಕಾಸು ವರ್ಷದ ಥರ ಅಂದುಕೊಳ್ಳಿ. ಮಾರ್ಚ್ 31ಕ್ಕೆ ಯಾರೂ ಪಟಾಕಿ ಹೊಡೆಯುವುದಿಲ್ಲ. ಅವರೂ ಆಗ ಹೊಡೆದಿರಲಿಕ್ಕಿಲ್ಲ.

ಈ ದಿನವೇ ಆಗಬೇಕು ಅಂತ ಯಾರು ಗೊತ್ತು ಮಾಡಿದರು?

ಜಗಳವಾಡಿಯೇ ಗೊತ್ತಾಯಿತು. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿದ ಮಿಶ್ನಾ ಗ್ರಂಥದಲ್ಲಿ ಎರಡು ಪಂಥಗಳ ಮಾತು ಇದೆ. ಶಮ್ಮಾಯ್ ಪಂಥದವರು ಮರಗಳ ಹೊಸ ವರ್ಷ ಶೆವಾತ್ 1 ಅಂದರು. ಹಿಲ್ಲೆಲ್ ಪಂಥದವರು 15 ಅಂದರು. ಗೆದ್ದದ್ದು ಹಿಲ್ಲೆಲ್ ಪಂಥ.

ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ತಾಲ್ಮುದ್‌ನಲ್ಲಿದೆ, ನನಗೆ ಬಹಳ ಇಷ್ಟ. ರಬ್ಬಿ ಅಕಿವಾ ಅನ್ನುವ ದೊಡ್ಡ ಪಂಡಿತ ಶೆವಾತ್ 1ರಂದು ಒಂದು ಎತ್ರೋಗ್ ಹಣ್ಣು ಕಿತ್ತರು. ಎತ್ರೋಗ್ ಅಂದರೆ ನಮ್ಮ ಮಾದಲ ಹಣ್ಣಿನ ಜಾತಿಯದು. ಶಮ್ಮಾಯ್ ಪ್ರಕಾರ ಹೊಸ ವರ್ಷ ಬಂದಿದೆ, ಹಿಲ್ಲೆಲ್ ಪ್ರಕಾರ ಇನ್ನೂ ಹದಿನಾಲ್ಕು ದಿನ ಬಾಕಿ. ಅಕಿವಾ ತಲೆ ಕೆಡಿಸಿಕೊಳ್ಳದೆ ಎರಡು ಲೆಕ್ಕದಲ್ಲೂ ಪಾಲು ತೆಗೆದಿಟ್ಟರು. ಒಂದು ಹಣ್ಣು, ಎರಡು ತೆರಿಗೆ! ಮುಂದಿನ ತಲೆಮಾರಿನ ಪಂಡಿತರು ಅವರು ಯಾಕೆ ಹಾಗೆ ಮಾಡಿದರು ಅಂತ ಮತ್ತೆ ವಾದಕ್ಕಿಳಿದರು.

ಹಾಗಾದರೆ ಯಹೂದಿಗಳಿಗೆ ಹೊಸ ವರ್ಷ ಎಷ್ಟು?

ಮಿಶ್ನಾ ಪ್ರಕಾರ ನಾಲ್ಕು. ನಿಸಾನ್ 1 ರಾಜರ ಆಳ್ವಿಕೆಯ ಮತ್ತು ಹಬ್ಬಗಳ ಎಣಿಕೆಗೆ. ಎಲುಲ್ 1 ದನಕುರಿಗಳ ದಶಮಾಂಶಕ್ಕೆ. ತಿಶ್ರಿ 1 ವರ್ಷದ ಸಂಖ್ಯೆ ಬದಲಾಗುವುದಕ್ಕೆ. ರೋಶ್ ಹಶಾನಾ ಅಂತ ಎಲ್ಲರಿಗೂ ಗೊತ್ತಿರುವುದು ಇದೇ. ನಾಲ್ಕನೆಯದು ಶೆವಾತ್ 15. ಮೇಲೆ ಶೆವಾತಿಗೆ ಹನ್ನೊಂದು, ಐದು ಎರಡೂ ಲೆಕ್ಕ ಬಂದದ್ದು ಇದರಿಂದಲೇ.

'ತು' ಅಂದರೆ ಏನು?

ಹದಿನೈದು. ಹೀಬ್ರೂವಿನಲ್ಲಿ ಅಕ್ಷರಗಳನ್ನೇ ಅಂಕಿಗಳಾಗಿ ಬರೆಯುತ್ತಾರೆ. ಹತ್ತು ಮತ್ತು ಐದರ ಅಕ್ಷರ ಕೂಡಿಸಿದರೆ ದೇವರ ಹೆಸರಿನ ಭಾಗ ಆಗಿಬಿಡುತ್ತದೆ. ಹಾಗಾಗಿ ಒಂಬತ್ತು ಮತ್ತು ಆರರ ಅಕ್ಷರ ಬಳಸುತ್ತಾರೆ. ಅದನ್ನು ಓದಿದಾಗ 'ತು' ಆಗುತ್ತದೆ.

ಗಿಡ ನೆಟ್ಟ ಮೊದಲ ವರ್ಷಗಳ ಹಣ್ಣು ತಿನ್ನಬಾರದಂತೆ, ನಿಜವಾ?

ನಿಜ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆ. ಮೊದಲ ಮೂರು ವರ್ಷದ ಹಣ್ಣು ನಿಷಿದ್ಧ, ನಾಲ್ಕನೆಯ ವರ್ಷದ್ದು ದೇವರಿಗೆ ಮೀಸಲು, ಐದನೆಯ ವರ್ಷದಿಂದ ಧಾರಾಳವಾಗಿ ತಿನ್ನಬಹುದು. ಮರದ ವಯಸ್ಸು ಎಣಿಸಲಿಕ್ಕೂ ಶೆವಾತ್ 15 ಬೇಕು. ಧಾರ್ಮಿಕ ಯಹೂದಿಗಳು ಇದನ್ನು ಇವತ್ತಿಗೂ ಪಾಲಿಸುತ್ತಾರೆ.

ದೇವಾಲಯವೇ ಹೋದ ಮೇಲೆ ಲೆಕ್ಕದ ದಿನ ಹಬ್ಬ ಆದದ್ದು ಹೇಗೆ?

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದರು. ನಿಧಾನಕ್ಕೆ ಹೆಚ್ಚಿನ ಯಹೂದಿಗಳು ಆ ನೆಲದಿಂದ ದೂರ ಹೋದರು. ದಶಮಾಂಶದ ನಿಯಮ ಅನ್ವಯಿಸುವುದು ಆ ನಾಡಿನ ಬೆಳೆಗೆ. ಪೋಲೆಂಡಿನ ಸೇಬಿಗೆ ಈ ಗೆರೆ ಬೇಕಿಲ್ಲ. ನ್ಯಾಯವಾಗಿ ನೋಡಿದರೆ ದಿನ ಮರೆತುಹೋಗಬೇಕಿತ್ತು. ಮರೆಯಲಿಲ್ಲ. ಮರಗಳು ಕೈತಪ್ಪಿದ ಮೇಲೆ ಅವುಗಳ ಹಣ್ಣು ತಿನ್ನುವುದೇ ಆಚರಣೆಯಾಯಿತು. ಶೆವಾತಿನ ಅರ್ಥ ಬೆಳೆದದ್ದು ತೋಟ ಇದ್ದವರಿಂದಲ್ಲ, ಕಳೆದುಕೊಂಡವರಿಂದ ಅಂತ ನನ್ನ ಅನಿಸಿಕೆ.

ಪೂರ್ವ ಯುರೋಪಿನ ಹಿಮದಲ್ಲಿ ತಾಜಾ ಅಂಜೂರ ಎಲ್ಲಿ ಸಿಗಬೇಕು? ಹಾಗಾಗಿ ಒಣ ಅಂಜೂರ, ಒಣ ಖರ್ಜೂರ, ಒಣದ್ರಾಕ್ಷಿ, ಮತ್ತೆ ಕ್ಯಾರಬ್ ಕಾಯಿ. ಸ್ಪೇನಿನಿಂದ ಹೊರಬಿದ್ದು ಟರ್ಕಿ, ಗ್ರೀಸ್ ಕಡೆ ನೆಲೆಸಿದ ಯಹೂದಿಗಳು ಈ ದಿನವನ್ನು ಸುಮ್ನೆ 'ಹಣ್ಣುಗಳು' ಅಂತಲೇ ಕರೆದರು, ಮಕ್ಕಳಿಗೆ ಚೀಲ ತುಂಬ ಹಣ್ಣು ಕೊಟ್ಟರು. ಇವತ್ತು ಇಸ್ರೇಲಿನಲ್ಲಿ ತಾಜಾ ಹಣ್ಣು ಬೇಕಾದಷ್ಟಿದ್ದರೂ ಜನ ತಿನ್ನುವುದು ಒಣಹಣ್ಣೇ. 2024ರಲ್ಲಿ ಟರ್ಕಿ ವ್ಯಾಪಾರ ನಿಲ್ಲಿಸುವವರೆಗೆ ಅದರಲ್ಲೂ ಎಷ್ಟೋ ಪೊಟ್ಟಣ ಅಲ್ಲಿಂದಲೇ ಬರುತ್ತಿತ್ತು!

ಕ್ಯಾರಬ್ ಕಾಯಿ ಅಂದರೆ ಯಾವುದು?

ಮೆಡಿಟರೇನಿಯನ್ ಕಡೆಯ ಒಂದು ಮರದ ಕಾಯಿ. ಒಣಗಿದಾಗ ಕಡುಕಂದು ಬಣ್ಣ, ಗಟ್ಟಿ, ಜಗಿದರೆ ಸಿಹಿ. ತಿಂಗಳುಗಟ್ಟಲೆ ಕೆಡುವುದಿಲ್ಲ. ದೂರದೂರಿಗೆ ಹಡಗಿನಲ್ಲಿ ಹೋಗಲು ಅಷ್ಟು ಸಾಕು. ಹಲ್ಲಿಗೆ ಮಾತ್ರ ಕೆಲಸ.

ತಾಲ್ಮುದ್‌ನಲ್ಲಿ ಈ ಮರದ ಒಂದು ಕಥೆ ಇದೆ. ಹೋನಿ ಅನ್ನುವವನು ದಾರಿಯಲ್ಲಿ ಒಬ್ಬ ಕ್ಯಾರಬ್ ಸಸಿ ನೆಡುವುದನ್ನು ನೋಡಿ ಇದು ಎಷ್ಟು ವರ್ಷಕ್ಕೆ ಫಲ ಕೊಡುತ್ತದೆ ಅಂತ ಕೇಳಿದ. ಎಪ್ಪತ್ತು ವರ್ಷ ಅಂದ. ಅಷ್ಟು ಕಾಲ ನೀನು ಬದುಕಿರುತ್ತೀಯಾ ಅಂದರೆ, ನಾನು ಹುಟ್ಟಿದಾಗ ನನ್ನ ಹಿರಿಯರು ನೆಟ್ಟ ಮರ ಇತ್ತು, ನಾನು ನನ್ನ ಮಕ್ಕಳಿಗೆ ನೆಡುತ್ತಿದ್ದೇನೆ ಅಂದನಂತೆ. ಕಥೆ ಚೆನ್ನಾಗಿದೆ, ಆದರೆ ತೋಟಗಾರರು ಹೆದರಬೇಕಿಲ್ಲ. ಕ್ಯಾರಬ್ ಕಾಯಿ ಬಿಡಲು ಎಪ್ಪತ್ತು ವರ್ಷ ಬೇಡ, ಹತ್ತರೊಳಗೇ ಶುರು ಮಾಡಬಹುದು.

ತು ಬಿಶ್ವಾತ್ ಸೆದರ್ ಹೇಗೆ ಮಾಡುತ್ತಾರೆ?

ಸೆದರ್ ಅಂದರೆ ಕ್ರಮಪ್ರಕಾರ ಕೂತು ಮಾಡುವ ಊಟ-ಪ್ರಾರ್ಥನೆ. 16ನೆಯ ಶತಮಾನದಲ್ಲಿ ಗಲಿಲಾಯದ ಸಫೇದ್ ಊರು ಕಬ್ಬಾಲಾ ಅನುಭಾವಿಗಳ ನೆಲೆಯಾಗಿತ್ತು. ಆ ಪರಂಪರೆಯಿಂದ ಬಂದ ಆಚರಣೆ ಇದು. ಅಚ್ಚಿನ ಪುಸ್ತಕಗಳ ಮೂಲಕ ಹರಡಿದ್ದು 18ನೆಯ ಶತಮಾನದಲ್ಲಿ.

ನಾಲ್ಕು ಬಟ್ಟಲು ದ್ರಾಕ್ಷಾರಸ ಕುಡಿಯುತ್ತಾರೆ. ಮೊದಲನೆಯದು ಬಿಳಿ. ಎರಡನೆಯದರಲ್ಲಿ ಬಿಳಿಗೆ ಸ್ವಲ್ಪ ಕೆಂಪು. ಮೂರನೆಯದರಲ್ಲಿ ಕೆಂಪು ಜಾಸ್ತಿ. ನಾಲ್ಕನೆಯದು ಬಹುತೇಕ ಪೂರ್ತಿ ಕೆಂಪು. ಚಳಿಗಾಲ ಕಳೆದು ಹೂವು ಬರುವುದನ್ನು ಬಟ್ಟಲಲ್ಲೇ ತೋರಿಸುತ್ತಾರೆ.

ಹಣ್ಣುಗಳಿಗೂ ಒಂದು ಸಾಲು. ಮೊದಲು ಹೊರಗಿನ ಸಿಪ್ಪೆ ತಿನ್ನಲಾಗದವು: ಬಾದಾಮಿ, ಅಕ್ರೋಟು, ದಾಳಿಂಬೆ. ಆಮೇಲೆ ಒಳಗಿನ ಬೀಜ ತಿನ್ನಲಾಗದವು: ಖರ್ಜೂರ, ಆಲಿವ್. ಕೊನೆಗೆ ಪೂರ್ತಿ ತಿನ್ನಬಹುದಾದವು: ಅಂಜೂರ, ದ್ರಾಕ್ಷಿ. ಸೃಷ್ಟಿಯ ಬೇರೆ ಬೇರೆ ಲೋಕಗಳಿಗೆ ಇವು ಗುರುತು ಅನ್ನುತ್ತಾರೆ. ಎಲ್ಲಕ್ಕಿಂತ ಮೇಲಿನ ಲೋಕಕ್ಕೆ ಹಣ್ಣೇ ಇಲ್ಲ. ಎಲ್ಲ ಮನೆಗಳಲ್ಲೂ ಇಷ್ಟೆಲ್ಲ ನಡೆಯುವುದಿಲ್ಲ. ಬಹಳ ಜನ ಒಂದು ತಟ್ಟೆ ಹಣ್ಣು ಇಟ್ಟು, ಮಂತ್ರ ಹೇಳಿ ತಿಂದು ಮುಗಿಸುತ್ತಾರೆ.

ಗಿಡ ನೆಡುವ ಪದ್ಧತಿ ಹಳೆಯದಾ?

ಅಲ್ಲ. 1890ರಲ್ಲಿ ಜೀವ್ ಯಾವೆಟ್ಸ್ ಅನ್ನುವ ಶಿಕ್ಷಕ ಝಿಖ್ರೋನ್ ಯಾಕೋವ್ ಊರಿನ ಶಾಲಾಮಕ್ಕಳನ್ನು ಕರೆದುಕೊಂಡು ಹೋಗಿ ಈ ದಿನ ಸಸಿ ನೆಡಿಸಿದರು. ಮುಂದೆ 1901ರಲ್ಲಿ ಹುಟ್ಟಿದ ಯಹೂದಿ ರಾಷ್ಟ್ರೀಯ ನಿಧಿ ಅದನ್ನು ದೇಶದ ಪದ್ಧತಿಯನ್ನಾಗಿ ಮಾಡಿತು. ಇಸ್ರೇಲಿನ ಸಂಸತ್ತು ಕ್ನೆಸೆಟ್ ಮೊದಲ ಸಲ ಸೇರಿದ್ದು ಕೂಡ ತು ಬಿಶ್ವಾತ್ ದಿನವೇ, 1949ರ ಫೆಬ್ರವರಿ 14ರಂದು.

ಈ ನೆಡುವಿಕೆಯ ಬಗ್ಗೆ ತಕರಾರೂ ಇದೆ. ಸಾಲುಸಾಲು ಪೈನ್ ಮರ ನೆಟ್ಟದ್ದು ಪರಿಸರಕ್ಕೆ ಒಳ್ಳೆಯದಲ್ಲ, ಬೆಂಕಿಗೆ ಬೇಗ ತುತ್ತಾಗುತ್ತದೆ ಅಂತ ಪರಿಸರ ತಜ್ಞರು ಹೇಳುತ್ತಾರೆ. 1948ರಲ್ಲಿ ಖಾಲಿಯಾದ ಪ್ಯಾಲೆಸ್ಟೀನಿ ಹಳ್ಳಿಗಳ ಅವಶೇಷದ ಮೇಲೆ ಕೆಲವು ಕಾಡುಗಳು ಬೆಳೆದಿವೆ. 2022ರ ಜನವರಿಯಲ್ಲಿ, ತು ಬಿಶ್ವಾತ್ ಹತ್ತಿರ ಬಂದಾಗ, ನೆಗೆವ್ ಮರುಭೂಮಿಯಲ್ಲಿ ಸಸಿ ನೆಡಲು ಹೋದಾಗ ಅಲ್ಲಿನ ಬೆದುಯಿನ್ ಜನ ಬೀದಿಗಿಳಿದರು. ಸಸಿ ನೆಡುವುದು ಎಲ್ಲ ಕಡೆಯೂ ಮುಗ್ಧ ಕೆಲಸವಲ್ಲ. ಯಾರ ನೆಲದಲ್ಲಿ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಅಂದಹಾಗೆ ಅದು ಭೂಮಿಗೆ ಬಿಡುವಿನ ಏಳನೆಯ ವರ್ಷವೂ ಆಗಿತ್ತು (2021-22). ಆ ವರ್ಷ ಧಾರ್ಮಿಕರು ಗಿಡ ನೆಡುವುದಿಲ್ಲ. ಮುಂದಿನ ಬಿಡುವಿನ ವರ್ಷ 2028-29.

ಭಾರತದಲ್ಲಿ ಇದನ್ನು ಆಚರಿಸುತ್ತಾರಾ?

ಆಚರಿಸುತ್ತಾರೆ, ಅದೂ ಬೇರೆಲ್ಲೂ ಇಲ್ಲದ ಥರದಲ್ಲಿ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ತಲೆಮಾರುಗಳಿಂದ ಮರಾಠಿ ಆಡುವವರು. ಅವರನ್ನು ಊರಿನವರು ಶನಿವಾರ ತೇಲಿ ಅನ್ನುತ್ತಿದ್ದರು, ಅಂದರೆ ಶನಿವಾರ ಗಾಣ ನಿಲ್ಲಿಸುವ ಗಾಣಿಗರು.

ಅವರಿಗೆ ತು ಬಿಶ್ವಾತ್ ಅಂದರೆ ಪ್ರವಾದಿ ಎಲೀಯನ ದಿನ. ಅವರು ಅದನ್ನು ಮರಾಠಿಯಲ್ಲಿ ಎಲಿಯಾಹುವಿನ ಉರುಸ್ ಅಂತಲೇ ಕರೆದರು. ಅಲಿಬಾಗ್ ಹತ್ತಿರದ ಖಂಡಾಳೆ ಹಳ್ಳಿಯಲ್ಲಿ ಒಂದು ಬಂಡೆ ಇದೆ. ಎಲೀಯನ ರಥ ಇಲ್ಲಿಂದ ಆಕಾಶಕ್ಕೆ ಏರಿತು, ಅದರ ಗುರುತು ಬಂಡೆಯ ಮೇಲಿದೆ ಅನ್ನುವುದು ಅವರ ನಂಬಿಕೆ. ಹರಕೆ ಹೊತ್ತವರು ಅಲ್ಲಿಗೆ ಹೋಗುತ್ತಾರೆ.

ಅವತ್ತಿನ ಮುಖ್ಯ ನೈವೇದ್ಯ ಮಲೀದಾ. ಅವಲಕ್ಕಿ ತೊಳೆದು ನೆನೆಸಿ, ಹಸಿ ಕಾಯಿತುರಿ, ಸಕ್ಕರೆ ಅಥವಾ ಬೆಲ್ಲ, ಏಲಕ್ಕಿ ಪುಡಿ ಕಲಸಿ, ದ್ರಾಕ್ಷಿ ಬಾದಾಮಿ ಉದುರಿಸುತ್ತಾರೆ. ತಟ್ಟೆಯ ನಡುವೆ ರಾಶಿ ಮಾಡಿ ಸುತ್ತ ಹಣ್ಣು ಜೋಡಿಸುತ್ತಾರೆ. ಕರಾವಳಿಯವರಿಗೆ, ಮಲೆನಾಡಿನವರಿಗೆ ಇದರ ರುಚಿ ಹೇಳಿಕೊಡಬೇಕಿಲ್ಲ, ನಮ್ಮ ಸಿಹಿ ಅವಲಕ್ಕಿಯೇ. ಪ್ರಾರ್ಥನೆ ಮುಗಿದ ಮೇಲೆ ಒಂದೊಂದಕ್ಕೂ ಅದರದೇ ಸ್ತುತಿ ಹೇಳಿ ತಿನ್ನುತ್ತಾರೆ. ಖರ್ಜೂರಕ್ಕೆ ಮರದ ಹಣ್ಣಿನ ಸ್ತುತಿ. ಬಾಳೆಹಣ್ಣಿಗೆ ಮಾತ್ರ ನೆಲದ ಬೆಳೆಯ ಸ್ತುತಿ, ಯಾಕೆಂದರೆ ಯಹೂದಿ ಶಾಸ್ತ್ರದಲ್ಲಿ ಬಾಳೆ ಮರವಲ್ಲ. ಗೊನೆ ಬಿಟ್ಟ ಮೇಲೆ ಕಡಿದು ಹಾಕುವ ನಮಗೂ ಅದು ಒಪ್ಪುವ ಮಾತೇ.

1948ರ ನಂತರ ಇವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಮಲೀದಾ ಅವರ ಜೊತೆ ಬೇರ್‌ಶೆಬಾ, ದಿಮೋನಾ, ಅಶ್ದೋದ್‌ಗೂ ಹೋಯಿತು.

ಈ ತಿಂಗಳಿಗೆ ರಾಶಿ ಇದೆಯಾ?

ಇದೆ, ಕುಂಭ. ಹೀಬ್ರೂವಿನಲ್ಲಿ ದ್ಲಿ, ನೀರು ಸೇದುವ ಬಕೆಟ್ಟು. ಇಸ್ರೇಲಿನ ಬೇತ್ ಅಲ್ಫಾದಲ್ಲಿ 6ನೆಯ ಶತಮಾನದ ಪ್ರಾರ್ಥನಾ ಮಂದಿರದ ನೆಲದ ನಡುವೆ ಹನ್ನೆರಡು ರಾಶಿಗಳ ಚಿತ್ರ ಇದೆ, ಬಣ್ಣದ ಕಲ್ಲುಚೂರು ಕೂರಿಸಿ ಮಾಡಿದ್ದು. 1920ರ ದಶಕದ ಕೊನೆಗೆ ನೀರಿನ ಕಾಲುವೆ ತೋಡುವಾಗ ಸಿಕ್ಕಿತು. ಮಳೆಯ ತಿಂಗಳಿಗೆ ನೀರಿನ ರಾಶಿ, ಹೊಂದಿಕೆ ಸರಿಯಾಗಿದೆ. ಅನುಭಾವಿಗಳು ಇದರ ಜೊತೆ ಒಂದು ಅಕ್ಷರ, ಒಂದು ಕುಲ, ರುಚಿಯ ಗುಣ ಎಲ್ಲ ಸೇರಿಸುತ್ತಾರೆ. ಇಂಟರ್ನೆಟ್ಟಿನಲ್ಲಿ ಸಿಗುವ 'ಶೆವಾತ್ ತಿಂಗಳ ಭವಿಷ್ಯ' ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಶೆವಾತಿನಲ್ಲಿ ಬೇರೆ ವಿಶೇಷ ದಿನ ಯಾವುದು?

ಹಾಡಿನ ಸಬ್ಬತ್. ಕೆಂಪು ಸಮುದ್ರ ದಾಟಿದ ಮೇಲೆ ಮೋಶೆ ಮತ್ತು ಜನ ಹಾಡಿದ ಹಾಡನ್ನು ಆ ಶನಿವಾರ ಓದುತ್ತಾರೆ. ಆ ಹೊತ್ತಿಗೆ ಹಕ್ಕಿಗಳಿಗೆ ಕಾಳು ಹಾಕುವ ರೂಢಿ ಹಲವರಲ್ಲಿದೆ. ಹಬಾದ್ ಪಂಥದವರಿಗೆ ಶೆವಾತ್ 10 ಮುಖ್ಯ: 1950ರಲ್ಲಿ ಅವರ ಆರನೆಯ ಗುರು ತೀರಿಕೊಂಡ ದಿನ. ವರ್ಷ ತುಂಬಿದ ದಿನ ಏಳನೆಯವರು ಹೊಣೆ ಒಪ್ಪಿಕೊಂಡರು.

ತು ಬಿಶ್ವಾತ್‌ಗೆ ರಜೆ ಇದೆಯಾ?

ಇಲ್ಲ. ಬ್ಯಾಂಕು, ಅಂಗಡಿ, ಬಸ್ಸು ಎಲ್ಲ ಇರುತ್ತದೆ. ಕೆಲಸ ಮಾಡಬಾರದು ಅನ್ನುವ ನಿಷೇಧವೂ ಇಲ್ಲ. ಅವತ್ತು ಉಪವಾಸ ಮಾಡುವುದಿಲ್ಲ, ದುಃಖದ ಕೆಲವು ಪ್ರಾರ್ಥನೆ ಬಿಡುತ್ತಾರೆ.

ಮುಂದೆ ಯಾವಾಗ ಬರುತ್ತದೆ?

ತು ಬಿಶ್ವಾತ್ 2026ರಲ್ಲಿ ಫೆಬ್ರವರಿ 2, 2027ರಲ್ಲಿ ಜನವರಿ 23, 2028ರಲ್ಲಿ ಫೆಬ್ರವರಿ 12. ಮೂರಕ್ಕೂ ಹಿಂದಿನ ಸಂಜೆಯೇ ಶುರು. 2027ರಲ್ಲಿ ಎರಡು ಅದಾರ್ ಇವೆ, ಹೆಚ್ಚಿನ ತಿಂಗಳು ಸೇರುವುದು ಶೆವಾತ್ ಮುಗಿದ ಮೇಲೆ, ಅದಕ್ಕೇ ಅಷ್ಟು ಬೇಗ ಬಂದಿದೆ.

ಅವತ್ತು ಯಹೂದಿ ಸ್ನೇಹಿತರ ಮನೆಗೆ ಕರೆದರೆ ಏನು ಒಯ್ಯಲಿ? ಏನಂತ ಹಾರೈಸಲಿ?

'ತು ಬಿಶ್ವಾತ್ ಸಮೇಯಖ್' ಅಂದರೆ ಸಾಕು. ಒಯ್ಯಲು ಇಡೀ ಹಣ್ಣು ಒಳ್ಳೆಯದು, ಹೆಚ್ಚಿದ್ದು ಬೇಡ. ಆ ಋತುವಿನಲ್ಲಿ ಅವರು ಇನ್ನೂ ರುಚಿ ನೋಡಿರದ ಹಣ್ಣಾದರೆ ಖುಷಿ ಜಾಸ್ತಿ, ಹೊಸ ಹಣ್ಣಿಗೆ ಬೇರೆ ಸ್ತುತಿಯೇ ಇದೆ. ಭಾರತದಲ್ಲಿ ಬೆಳೆದ ಹಣ್ಣಿಗೆ ದಶಮಾಂಶದ ತಕರಾರು ಇಲ್ಲ. ಇಸ್ರೇಲಿನಲ್ಲಿ ಕೊಂಡರೆ ಪಾಲು ತೆಗೆದದ್ದು ಅನ್ನುವ ಗುರುತು ಇದೆಯಾ ನೋಡಿ. ಒಣ ಅಂಜೂರ ಕೊಟ್ಟಾಗ ಅವರು ಒಂದೊಂದನ್ನೂ ಬಿಡಿಸಿ ಬೆಳಕಿಗೆ ಹಿಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಹುಳ ತಿನ್ನುವುದು ಅವರಲ್ಲಿ ನಿಷಿದ್ಧ, ಯಾರು ತಂದರೂ ನೋಡಿಯೇ ತಿನ್ನುತ್ತಾರೆ.